ಗೇಲಿ ಗಂಡ

"ಯಾರೋ ನಿಂಗೆ ಅಳು ಅಂದೋರು? ಯಾರು ಕೇಳಿದ್ರು? ನಾನು ಕೇಳಿದ್ನಾ?"

ತೊಕೊಝಿಲೆಯ ದನಿ ಶಾಲೆಯ ಬಡಗಿ ಶೆಡ್ಡಿನ ತಗಡಿಗೆ ಬಡಿದು ವಾಪಸು ಬಂತು. ಒಳಗೆ ಉಳಿ ಹಿಡಿದು ಕುಟ್ಟುತ್ತಿದ್ದ ಸದ್ದು ಗಪ್ಪನೆ ನಿಂತಿತು.

"ಸ್ವಲ್ಪ ಮೆತ್ತಗೆ ಮಾತಾಡು," ಅಂದ ಕಬಾಸೊ.

"ಮೆತ್ತಗಾ? ಅಷ್ಟು ಜನದ ಎದುರಿಗೆ ಕರು ಸತ್ತ ಹಸುವಿನ ಹಾಗೆ ಗೋಳೋ ಅಂದೆಯಲ್ಲ, ಆಗೆಲ್ಲಿತ್ತು ನಿನ್ನ ಮೆತ್ತಗೆ?"

"ನಿಮ್ಮಪ್ಪ ಸತ್ತಿದ್ರು, ತೊಕೊ."

"ನನ್ನಪ್ಪ! ಸತ್ತಿದ್ದು ನನ್ನಪ್ಪ! ಅಳೋಕೆ ನಾನಿದ್ದೆ, ಅತ್ತೆ ಇದ್ಳು, ನಮ್ಮೂರು ಚಿಪಾಟದಿಂದ ಒಂದು ಬಸ್ ತುಂಬ ಜನ ಬಂದಿದ್ರು. ನೀನು ನಗಿಸೋಕೆ ಬಂದವನು. ನಿನಗಿದ್ದಿದ್ದು ಅದೊಂದೇ ಕೆಲಸ. ಅದೂ ಕೈಲಾಗ್ಲಿಲ್ಲ."

ಕಬಾಸೊ ತಲೆ ತಗ್ಗಿಸಿದ. ಬೆಳಿಗ್ಗೆ ಹೊತ್ತ ಇದ್ದಿಲ ಮೂಟೆಯ ಕರಿ ಅವನ ಕತ್ತಿನ ಹಿಂದೆ ಇನ್ನೂ ಹಾಗೇ ಇತ್ತು. ಬೇರೆ ದಿನವಾಗಿದ್ದರೆ ತೊಕೊಝಿಲೆ ಅದಕ್ಕೂ ಬೈಯುತ್ತಿದ್ದಳು.

ಸಾವಿನ ಮನೆಯಲ್ಲಿ ಅತ್ತದ್ದಕ್ಕೆ ಯಾರಾದರೂ ಜಗಳ ತೆಗೆಯುತ್ತಾರೆಯೇ ಎಂದು ಕೇಳುವವರು ಲುವಾನ್ಶ್ಯದ ಗಣಿ ಕಾಲೊನಿಯಲ್ಲಿ ಒಂದು ದಿನವೂ ಬದುಕಿದವರಲ್ಲ. ಅವಳು ಅಂಗೋನಿ ಕುಲದವಳು, ಅವನು ಬೆಂಬ. ಅವರಿಬ್ಬರ ಮುತ್ತಜ್ಜರು ಒಂದು ಕಾಲದಲ್ಲಿ ಈಟಿ ಹಿಡಿದು ಹೊಡೆದಾಡಿದರು. ಹೊಡೆದಾಡಿ ಸಾಕಾದಾಗ ಈಟಿ ಕೆಳಗಿಟ್ಟರು, ನಾಲಿಗೆ ಮಾತ್ರ ಇಡಲಿಲ್ಲ. ಅವತ್ತಿನಿಂದ ಬೆಂಬದವನು ಅಂಗೋನಿಯವನಿಗೆ ಏನು ಬೇಕಾದರೂ ಅನ್ನಬಹುದು. ಇಲಿ ತಿನ್ನೋನೇ ಎಂದು ಬೆಂಬದವನಂದರೆ, ಕೋತಿ ತಿನ್ನೋನೇ ಎಂದು ಅಂಗೋನಿಯವನು ಅನ್ನುತ್ತಾನೆ. ನೀನು ನನ್ನ ಆಳು, ನಿನ್ನ ಮಗಳು ನನ್ನ ಹೆಂಡತಿ, ಏನಂದರೂ ನಡೆಯುತ್ತದೆ. ಸಿಟ್ಟು ಮಾಡಿಕೊಂಡವನು ಸೋತ. ಇಂಥ ಗೇಲಿ ನಂಟರು ಹೆಚ್ಚು ಬೇಕಾಗುವುದು ಸಾವಿನಲ್ಲಿ. ಅಂಗೋನಿ ಸತ್ತರೆ ಬೆಂಬದವನು ಬಂದು ಗುಂಡಿಯಲ್ಲಿ ಮೊದಲು ತಾನೇ ಮಲಗಿ, "ಈ ಜಿಪುಣನಿಗೆ ಇಷ್ಟುದ್ದ ಯಾಕೆ, ಮಡಚಿ ಹಾಕಿ" ಅನ್ನಬೇಕು. ಹೆಣಕ್ಕೆ ಅಡ್ಡ ನಿಲ್ಲಬೇಕು. ಅಳುವವರನ್ನು ಅಣಕಿಸಿ ಅಳು ನಿಲ್ಲಿಸಬೇಕು. ಬರೀ ಅತ್ತು ಹೂತ ಹೆಣ ಅನಾಥ ಹೆಣ ಅನ್ನುತ್ತಾರೆ ಅಲ್ಲಿ.

ತೊಕೊಝಿಲೆಯ ಅಪ್ಪ ಜೆರೆ, ಗಣಿಯಲ್ಲಿ ಪಾಳಿಯ ಮೇಸ್ತ್ರಿ. ನಗದ ಮನುಷ್ಯ. ಅವನು ನಗುತ್ತಿದ್ದದ್ದು ದಿನಕ್ಕೊಂದೇ ಸಲ, ಬೆಳಿಗ್ಗೆ ಆರಕ್ಕೆ, ಕಬಾಸೊ ತನ್ನ ಅಜ್ಜಿಯ ಇದ್ದಿಲನ್ನು ಸೈಕಲ್ಲಿನ ಮೇಲೆ ಮನೆ ಮನೆಗೆ ಹಾಕುತ್ತ ಅವನ ಗೇಟಿಗೆ ಬಂದಾಗ.

"ಮುದುಕಪ್ಪಾ, ನನ್ನ ಹೆಂಡ್ತಿ ಎದ್ಳಾ?"

"ಎದ್ದಿದ್ದಾಳೆ. ಹೆಣ್ಣಿನ ತೆರ ಎಲ್ಲಿ? ಕೋತಿ ಹಿಡ್ಕೊಂಡು ಬಂದ್ಯಾ?"

"ದಾರೀಲಿ ಹಸಿವಾಯ್ತು, ನಾನೇ ತಿಂದೆ. ನಾಳೆ ಇನ್ನೊಂದು ತರ್ತೀನಿ. ಅಲ್ಲೀತನಕ ಅವಳಿಗೆ ಇಲಿ ಹಾಕಿ ಸಾಕಿ."

ಮೂರು ವರ್ಷ ಹೀಗೆ ನಡೆಯಿತು. ಶಾಲೆಯಲ್ಲೂ ಎಲ್ಲರೂ ಅವರಿಬ್ಬರನ್ನು ಗಂಡ ಹೆಂಡತಿ ಎಂದೇ ಕರೆಯುತ್ತಿದ್ದರು. ಕರೆದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಏಕೆಂದರೆ ಅಂಥ ಜೋಡಿ ಕನಸಿನಲ್ಲೂ ಕೂಡುವಂಥದಲ್ಲ. ಅವಳು ಶಾಲೆಯ ಹುಡುಗಿಯರ ನಾಯಕಿ, ಗಣಿತದಲ್ಲಿ ಮೊದಲು, ಮೇಷ್ಟರಿಗಿಂತ ಎತ್ತರ. ಅವನು ಎರಡು ಸಲ ನಪಾಸಾಗಿ ಅವಳ ತರಗತಿಗೆ ಬಂದು ಬಿದ್ದವನು, ಅವಳ ಹೆಗಲಿಗೆ ಬರುವಷ್ಟು ಎತ್ತರ, ಆದರೂ ಫುಟ್‌ಬಾಲ್ ತಂಡದ ಗೋಲು ಕಾಯುವವನು. "ಮೇಲೆ ಬರೋ ಚೆಂಡು ದೇವರದ್ದು, ಕೆಳಗೆ ಬರೋದು ನಂದು" ಅನ್ನುತ್ತಿದ್ದ.

ಗೇಲಿ ಯಾವಾಗ ನಿಜವಾಯಿತು ಎಂದು ತೊಕೊಝಿಲೆಗೆ ಸರಿಯಾಗಿ ಗೊತ್ತಿತ್ತು. ಹನ್ನೊಂದನೇ ತರಗತಿಯ ಮಳೆಗಾಲದಲ್ಲಿ ಅವನಿಗೆ ಮಲೇರಿಯಾ ಬಂತು. ಒಂಬತ್ತು ದಿನ ಗೇಟಿನಲ್ಲಿ ಸೈಕಲ್ ಗಂಟೆ ಕೇಳಲಿಲ್ಲ. ಮೊದಲ ದಿನ ಅವಳಿಗೆ ನಿರಾಳವೆನ್ನಿಸಿತು. ಮೂರನೇ ದಿನ ಯಾರ ಮೇಲೋ ಸಿಟ್ಟು ಬಂತು. ಆರನೇ ದಿನ ಗಣಿತದಲ್ಲಿ ಕೂಡಿಸುವುದನ್ನು ಕಳೆದಳು. ಹತ್ತನೇ ದಿನ ಅಪ್ಪನ ತಂಗಿ ಲೈನೆಸ್ ಅತ್ತೆ ಅವಳ ತಲೆ ಹೆಣೆಯುತ್ತಿದ್ದಾಗ, "ಮುದುಕಪ್ಪಾ, ನನ್ನ ಹೆಂಡ್ತಿ ಎದ್ಳಾ?" ಎಂದು ಸೋತ ದನಿಯೊಂದು ಬಂತು. ಅವಳು ಅರ್ಧ ಹೆಣೆದ ತಲೆಯಲ್ಲಿ, ಬರಿಗಾಲಲ್ಲಿ, ಕೆಸರಿಗೆ ಓಡಿದಳು. ಗೇಟಿನ ಆಚೆ ಅವನು ಕಡ್ಡಿಯಾಗಿ ನಿಂತಿದ್ದ. ಮೇಸ್ತ್ರಿ ಜೆರೆ ಒಳಗಿನಿಂದ, "ಬಾಗಿಲು ತೆಗೀಬೇಡ, ಕೋತಿ ನುಗ್ತದೆ" ಎಂದು ಕೂಗಿ ತನ್ನಷ್ಟಕ್ಕೆ ನಕ್ಕ.

ಆಮೇಲೆ ಅವರಿಗೆ ಬಚ್ಚಿಡುವ ಕೆಲಸವೇ ಇರಲಿಲ್ಲ. ಶಾಲೆಯ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದರೆ ನೋಡಿದವರು, "ಓಹೋ, ಸಂಸಾರ ನಡೀತಿದೆ" ಅಂದು ಹೋಗುತ್ತಿದ್ದರು. ಒಂದೇ ಒಂದು ಸಲ ಅವನು ಅವಳ ಕೈ ಹಿಡಿದಿದ್ದ, ಅದೂ ಗಂಟೆ ಹೊಡೆಯುವತನಕ. ಪರೀಕ್ಷೆ ಮುಗಿಯಲಿ, ಪಾಸಾಗಲಿ, ಆಮೇಲೆ ಮೇಸ್ತ್ರಿಯ ಎದುರು ಕೂತು ಗೇಲಿಯಿಲ್ಲದೆ ಒಂದು ಮಾತಾಡುತ್ತೇನೆ ಅಂದಿದ್ದ. ಅಷ್ಟೇ ಅವರ ಯೋಜನೆ.

ಅಲ್ಲಿ ಚಳಿಗಾಲವಾದ ಜೂನ್ ತಿಂಗಳಲ್ಲಿ ಮೇಸ್ತ್ರಿ ಜೆರೆ ಪಾಳಿ ಮುಗಿಸಿ ಬಂದು, ಬೂಟು ಬಿಚ್ಚಲು ಬಗ್ಗಿದವನು ಮೇಲೇಳಲಿಲ್ಲ.

ಮಣ್ಣಿನ ದಿನ ಎಲ್ಲರೂ ಕಬಾಸೊನ ದಾರಿ ನೋಡಿದರು. ಬೇರೆ ಬೆಂಬದವರು ಬಂದು ಅಷ್ಟಿಷ್ಟು ಗೇಲಿ ಮಾಡಿದ್ದರು, ಆದರೆ ಜೆರೆಯ ಗೇಟಿನ ಜಗಳ ಇಡೀ ಕಾಲೊನಿಗೆ ಗೊತ್ತು. ಆ ಹುಡುಗ ಬಂದರೆ ಹೆಣವೂ ಎದ್ದು ನಗುತ್ತದೆ ಅಂದುಕೊಂಡಿದ್ದರು. ಅವನು ಬಂದ. ಜನ ಜಾಗ ಬಿಟ್ಟರು. ಪೆಟ್ಟಿಗೆಯ ಹತ್ತಿರ ಹೋಗಿ, "ಮುದುಕಪ್ಪಾ..." ಅಂದ. ಮುಂದಿನ ಮಾತು ಬರಲಿಲ್ಲ. ಮಂಡಿಯೂರಿ, ಪೆಟ್ಟಿಗೆಗೆ ಹಣೆ ಹಚ್ಚಿ ಅತ್ತ. ಎದೆ ಬಿರಿಯುವ ಹಾಗೆ ಅತ್ತ.

ಮೊದಲು ಕೆಲವರು ಇದೂ ಗೇಲಿಯೇ ಅಂದುಕೊಂಡು ನಕ್ಕರು. ಆಮೇಲೆ ನಗು ನಿಂತಿತು. ಹಲ್ಲಿಲ್ಲದ ಒಬ್ಬ ಮುದುಕಿ ಎಲ್ಲರಿಗೂ ಕೇಳುವ ಹಾಗೆ, "ಇವನು ಗೇಲಿ ನಂಟ ಅಲ್ಲ ಕಣ್ರೇ. ಇವನು ಅಳಿಯ" ಅಂದಳು.

ಆ ಒಂದು ಮಾತು ಸಾಕಾಯಿತು. ಸತ್ತವನ ಅಣ್ಣ ಫನ್ವೆಲ್, ಇನ್ನು ಮನೆಗೆ ಹಿರಿಯ, ತೊಕೊಝಿಲೆಯ ಮುಖ ನೋಡಿದ. ಅವಳ ಮುಖದಲ್ಲಿ ಓದುವುದಕ್ಕೆ ಕಷ್ಟವಾದದ್ದೇನೂ ಇರಲಿಲ್ಲ.

"ಗೊತ್ತಾ ನಿಂಗೆ ದೊಡ್ಡಪ್ಪ ಏನಂದ್ರು?" ಬಡಗಿ ಶೆಡ್ಡಿನ ಹಿಂದೆ ತೊಕೊಝಿಲೆ ಈಗ ದನಿ ತಗ್ಗಿಸಿದ್ದಳು. "'ಮೂರು ವರ್ಷ ಆ ಹುಡುಗ ನನ್ನ ತಮ್ಮನ ಗೇಟಲ್ಲಿ ನಿಂತು ನಿನ್ನನ್ನ ಹೆಂಡ್ತಿ ಅಂದ. ನನ್ನ ತಮ್ಮ ನಕ್ಕ. ಹೇಳು, ಯಾರನ್ನ ನೋಡಿ ನಕ್ಕ? ನೀವಿಬ್ರೂ ಸೇರಿ ಅವನನ್ನ ಪೆದ್ದ ಮಾಡಿದ್ರಾ?' ಅಂದ್ರು. ನಾನೇನು ಹೇಳ್ಲಿ?"

"ನಿಜ ಹೇಳ್ಬೇಕಿತ್ತು."

"ನಿಜ! ಹೇಳಿದ್ರೆ ನನ್ನನ್ನ ಭಾನುವಾರದ ಚಿಪಾಟದ ಬಸ್ಸಿಗೆ ಹತ್ತಿಸ್ತಾರೆ. ಪರೀಕ್ಷೆ ಇಲ್ಲ, ನೀನಿಲ್ಲ, ಏನೂ ಇಲ್ಲ. ದನ ಎಣಿಸ್ಕೊಂಡು ಕೂತಿರ್ಬೇಕು. ಅತ್ತೆ ದೊಡ್ಡಪ್ಪನ ಕಾಲು ಹಿಡ್ಕೊಂಡು ಒಂದು ದಾರಿ ಮಾಡಿದಾಳೆ. ಶನಿವಾರ ಸೂತಕ ಕಳೀತಾರೆ. ಅವತ್ತು ನಾನೆಲ್ಲಿರ್ಬೇಕು ಅಂತ ಹಿರೀಕರು ತೀರ್ಮಾನ ಮಾಡೋದು. ನೀನು ಬಂದು ಮಣ್ಣಿನ ದಿನ ಬಿಟ್ಟ ಕೆಲಸ ಮುಗಿಸು. ಎಲ್ಲರ ಎದುರಿಗೆ ನಗಿಸು. ನನ್ನನ್ನೂ ಸೇರಿಸಿ ಬೈ. ನೀನು ಬರೀ ಗೇಲಿ ನಂಟ ಅಂತ ದೊಡ್ಡಪ್ಪನಿಗೆ ಅನ್ನಿಸಿದ್ರೆ ನಾನು ಅತ್ತೆ ಜೊತೆ ಇಲ್ಲೇ ಉಳೀತೀನಿ."

ಕಬಾಸೊ ಕತ್ತಿನ ಹಿಂದಿನ ಕರಿ ಉಜ್ಜಿಕೊಂಡ.

"ನಂಗೆ ಅದು ಬರ್ತಿಲ್ಲ ತೊಕೊ. ಅವತ್ತೂ ಅಷ್ಟೇ. ಬಾಯಿ ತೆಗೆದ್ರೆ ನಿಜವಾದ್ದೇ ಬರ್ತದೆ. ಅದನ್ನ ವಾಪಸು ಗೇಲಿ ಹೇಗೆ ಮಾಡ್ಲಿ?"

"ಒಂದು ಗಂಟೆ ಕಣೋ. ಒಂದೇ ಗಂಟೆ ಸುಳ್ಳು ಹೇಳು ಅಂದ್ರೆ ನಿಂಗೆ ಬರಲ್ವಾ? ಮನೆಪಾಠ ಯಾಕೆ ಮಾಡಿಲ್ಲ ಅಂದ್ರೆ ದಿನಕ್ಕೊಂದು ಹೇಳ್ತೀಯಲ್ಲ!"

ಅವನಿಗೆ ನಗು ಬಂತು. ಆ ನಗು ನೋಡಿ ಅವಳ ಸಿಟ್ಟು ಅರ್ಧ ಇಳಿಯಿತು.

"ಏನು ಬೇಕಾದ್ರೂ ಅನ್ನಲಾ?"

"ಏನು ಬೇಕಾದ್ರೂ ಅನ್ನು."

"ಆಮೇಲೆ ಸಿಟ್ಟಾಗೋ ಹಾಗಿಲ್ಲ."

"ಸಿಟ್ಟಾದ್ರೆ ಕೇಳು. ನೀನೂ ಆಗೋ ಹಾಗಿಲ್ಲ. ನಾನೂ ಸುಮ್ನೆ ಕೂರೋಳಲ್ಲ, ತಿರುಗಿಸಿ ಕೊಡ್ತೀನಿ."

"ಕೊಡು," ಅಂದ. ಅವಳ ಎರಡು ಬೆರಳನ್ನು ಒಂದು ಗಳಿಗೆ ಹಿಡಿದು ಬಿಟ್ಟ.

ಶನಿವಾರ ಅಂಗಳ ಗುಡಿಸಿದರು. ಹೆಂಗಸರು ಒಳಗಿನ ಚಾಪೆ ಮಡಚಿ ಹೊರಗೆ ಬಂದು ಗೋಡೆಗೊರಗಿ ಕೂತರು. ಗಂಡಸರು ಇದ್ದಿಲೊಲೆಯ ಸುತ್ತ. ದೊಡ್ಡ ಪಾತ್ರೆಯಲ್ಲಿ ಮೆಕ್ಕೆಜೋಳದ ಮುದ್ದೆ ತೊಳಸುತ್ತಿದ್ದರು, ಪಕ್ಕದಲ್ಲಿ ಒಣಮೀನಿನ ಸಾರು ಕುದಿಯುತ್ತಿತ್ತು. ದೊಡ್ಡಪ್ಪ ಫನ್ವೆಲ್ ತಮ್ಮನ ಕುರ್ಚಿಯಲ್ಲಿ ಕೂತು ಗೇಟನ್ನೇ ನೋಡುತ್ತಿದ್ದ. ಅವನು ಕೆಟ್ಟವನಲ್ಲ. ತಮ್ಮನ ಮಗಳು ಬೀದಿ ಮಾತಾಗಬಾರದು ಎಂದು ಹೆದರಿದ ಮನುಷ್ಯ. ಹೆದರಿದ ಮನುಷ್ಯರೇ ಹೆಚ್ಚು ಅನಾಹುತ ಮಾಡುವುದು.

ಹತ್ತು ಗಂಟೆಗೆ ಸೈಕಲ್ ಗಂಟೆ ಕೇಳಿತು.

"ಯಾರ್ರೀ ಮನೇಲಿ? ಇಲಿ ತಿನ್ನೋರು ಯಾರಾದ್ರೂ ಬದುಕಿದ್ದೀರಾ?"

ಕಬಾಸೊ ಅಜ್ಜಿಯ ಹಳೆಯ ಚಿತೆಂಗೆ ಬಟ್ಟೆಯನ್ನು ಹೆಂಗಸರ ಹಾಗೆ ಸೊಂಟಕ್ಕೆ ಸುತ್ತಿಕೊಂಡಿದ್ದ. ಮುಖಕ್ಕೆ ಬೂದಿ ಬಳಿದುಕೊಂಡಿದ್ದ. ಯಾರನ್ನೂ ಕೇಳದೆ ಸೀದಾ ಒಳಗೆ ಹೋಗಿ, ಸತ್ತವನ ಗಣಿ ಟೋಪಿ ಹಾಕಿಕೊಂಡು, ಅವನ ಬೂಟಿನಲ್ಲಿ ಕಾಲು ತೂರಿಸಿ ಹೊರಗೆ ಬಂದ. ಹೊಟ್ಟೆ ಮುಂದೆ, ಕೈ ಹಿಂದೆ, ಎಡಗಾಲು ಸ್ವಲ್ಪ ಎಳೆದು. ಜೆರೆಯೇ ನಡೆದು ಬಂದ ಹಾಗಿತ್ತು.

"ಯಾರು ನನ್ನ ಕುರ್ಚಿ ಮೇಲೆ ಕೂತಿರೋದು?" ಎಂದು ಫನ್ವೆಲ್‌ನನ್ನು ಗದರಿದ. "ಅಣ್ಣನಾ? ಬದುಕಿದ್ದಾಗ ಒಂದು ಕಾಗದ ಇಲ್ಲ, ಸತ್ತ ತಕ್ಷಣ ಕುರ್ಚಿ ಬೇಕಾ? ಏಳು! ನಾನು ಸತ್ತಿಲ್ಲ, ಬೂಟು ಬಿಚ್ಚೋಕೆ ಬಗ್ಗಿದ್ದೆ, ಲೇಸು ಗಂಟಾಗಿತ್ತು. ಅಷ್ಟರಲ್ಲಿ ಹೂತ್ಬಿಟ್ರಾ ಅವಸರಗೇಡಿಗಳಾ!"

ಅಂಗಳ ಬಿದ್ದು ಬಿದ್ದು ನಕ್ಕಿತು. ಲೈನೆಸ್ ಅತ್ತೆ ಎರಡು ವಾರದಲ್ಲಿ ಮೊದಲ ಸಲ ನಕ್ಕಳು, ನಗುತ್ತ ನಗುತ್ತ ಕಣ್ಣೊರೆಸಿದಳು. ತೊಕೊಝಿಲೆಗೂ ಎದೆಯ ಮೇಲೆ ಕೂತಿದ್ದ ಕಲ್ಲು ಜರುಗಿದ ಹಾಗಾಯಿತು. ಅಪ್ಪನ ನಡಿಗೆಯನ್ನು ಅವನು ಎಷ್ಟು ನೋಡಿದ್ದ! ಪ್ರೀತಿಯಿಂದ ನೋಡದವನಿಗೆ ಆ ಎಡಗಾಲು ಹಾಗೆ ಬರುವುದಿಲ್ಲ. ಅದನ್ನು ಯಾರೂ ಕಾಣದಿರಲಿ ದೇವರೇ ಅಂದುಕೊಂಡಳು.

ಫನ್ವೆಲ್ ನಕ್ಕ. ಆದರೆ ಕುರ್ಚಿಯಿಂದ ಏಳಲಿಲ್ಲ.

"ಅದೆಲ್ಲ ಸರಿ ಕೋತಿ. ನಿನ್ನ ಹೆಂಡ್ತಿ ವಿಷಯ ಏನು? ಕರ್ಕೊಂಡು ಹೋಗಲ್ವಾ?"

ನಗು ಇಳಿಯಿತು. ಸೌಟಿನ ಸದ್ದೂ ನಿಂತಿತು. ಕಬಾಸೊ ಟೋಪಿಯನ್ನು ಹಿಂದಕ್ಕೆ ತಳ್ಳಿ ತೊಕೊಝಿಲೆಯ ಕಡೆ ತಿರುಗಿದ.

"ಇವಳಾ?" ಅಂದ. "ಅಯ್ಯೋ, ಬೇಡಪ್ಪ! ಮುದುಕಪ್ಪ ದಿನಾ ಬೆಳಿಗ್ಗೆ ಟೀ ಕೊಡ್ತಿದ್ದ, ಅದಕ್ಕೋಸ್ಕರ ಹೆಂಡ್ತಿ ಅಂತಿದ್ದೆ. ಟೀ ಕೊಡೋನೇ ಹೋದ. ಇವಳನ್ನ ಕಟ್ಕೊಂಡು ಏನ್ಮಾಡ್ಲಿ? ಲುವಾನ್ಶ್ಯದಲ್ಲಿ ಮಲಗಿಸಿದ್ರೆ ಕಾಲು ಕಾಂಗೋ ಗಡಿ ದಾಟ್ತವೆ, ಸುಂಕ ಯಾರು ಕಟ್ತಾರೆ?"

ಹೆಂಗಸರು ಕೇಕೆ ಹಾಕಿದರು. ಅವನಿಗೆ ಹುಮ್ಮಸ್ಸು ಬಂತು. ಅಥವಾ ಹುಮ್ಮಸ್ಸಿನ ವೇಷ ಬಂತು.

"ಬಾಯೋ, ಗಣಿಯ ಸೈರನ್ನು! ಲೆಕ್ಕ ತಪ್ಪಿದ್ರೆ ಪುಸ್ತಕದಲ್ಲಿ ಹೊಡೀತಾಳೆ. ಇನ್ನೊಂದು ಹೇಳ್ಲಾ? ಇವಳಿಗೆ ತಾನು ಉದ್ದ ಅಂತ ನಾಚಿಕೆ. ನನ್ನ ಪಕ್ಕ ನಡೀವಾಗ ಮಂಡಿ ಮಡಚ್ಕೊಂಡು ನಡೀತಾಳೆ, ನಾನು ಗಿಡ್ಡ ಕಾಣ್ಬಾರ್ದು ಅಂತ. ಹೀಗೆ! ನೀರು ಕುಡಿಯೋ ಜಿರಾಫೆ!"

ಅವನು ಮಂಡಿ ಮಡಚಿ, ಕತ್ತು ತಗ್ಗಿಸಿ, ಅಂಗಳದ ತುಂಬ ನಡೆದು ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ಒಬ್ಬ ಮುದುಕ ನಕ್ಕು ನಕ್ಕು ಕೆಮ್ಮಿದ.

ತೊಕೊಝಿಲೆಯ ಮೈಯೆಲ್ಲ ಬೆಂಕಿಯಾಯಿತು. ಅವಳು ಹಾಗೆ ನಡೆಯುತ್ತಿದ್ದದ್ದು ನಿಜ. ಒಂದು ವರ್ಷದಿಂದ ನಡೆಯುತ್ತಿದ್ದಳು, ಮಂಡಿ ನೋಯುತ್ತಿತ್ತು. ಅವನಿಗೆ ಗೊತ್ತೇ ಇಲ್ಲ ಎಂದು ನಂಬಿದ್ದಳು. ಅವನು ಎಲ್ಲ ನೋಡಿ, ಇಟ್ಟುಕೊಂಡು, ಈಗ ಊರಿಗೆ ಹಂಚಿದ.

"ಉತ್ತರ ಕೊಡೇ ಹುಡುಗಿ!" ಹೆಂಗಸರು ಕೂಗಿದರು. "ಬೆಂಬದವನು ಗೆದ್ದ! ಅಂಗೋನಿ ನಾಲಿಗೆ ಸತ್ತೋಯ್ತಾ?"

ಫನ್ವೆಲ್ ಮುಂದಕ್ಕೆ ಬಾಗಿ ಅವಳನ್ನೇ ನೋಡಿದ. ಸುಮ್ಮನಿದ್ದರೆ ನೊಂದಳು ಎಂದರ್ಥ. ಗೇಲಿಗೆ ನೊಂದರೆ ಅದು ಗೇಲಿಯಲ್ಲ ಎಂದರ್ಥ. ಶೆಡ್ಡಿನ ಹಿಂದೆ ಮಾತಾಡಿದ ದಿನದಿಂದ ಅವಳು ಮೂರು ಮಾತು ಸಿದ್ಧ ಮಾಡಿಕೊಂಡಿದ್ದಳು. ಗೋಲು ಕಾಯುವ ಬಗ್ಗೆ ಒಂದು, ನಪಾಸಾದ ಬಗ್ಗೆ ಒಂದು, ಕೋತಿಯ ಬಾಲದ ಬಗ್ಗೆ ಒಂದು. ಮೂರೂ ಹಾರಿಹೋಗಿದ್ದವು. ಬಾಯಿಗೆ ಬಂದದ್ದು ಬೇರೆ.

"ನಾನು ಬೇಡ್ವಾ? ಹೋಗು ಹಾಗಾದ್ರೆ! ಹೋಗಿ ಬಸ್ ನಿಲ್ದಾಣದಲ್ಲಿ ಬನ್ನಿನ ಬುಟ್ಟಿ ಕಾಯ್ಕೊಂಡು ಕೂತ್ಕೋ! ಒಂದೂ ತಿನ್ಬೇಡ ಮತ್ತೆ, ನಿಮ್ಮಮ್ಮ ಇನ್ನೇನು ಲಾರಿ ಇಳಿದು ಬಂದೇಬಿಡ್ತಾಳೆ!"

ಅಂಗಳ ಸಿಡಿಯಿತು. ಬುಟ್ಟಿ ಯಾವುದು, ಲಾರಿ ಯಾವುದು ಯಾರಿಗೂ ಗೊತ್ತಿರಲಿಲ್ಲ, ಆದರೆ ಕೊಟ್ಟ ರಭಸಕ್ಕೇ ನಗು ಬಂತು. ಫನ್ವೆಲ್ ತೊಡೆ ತಟ್ಟಿಕೊಂಡು ನಕ್ಕ.

ಗೊತ್ತಿದ್ದದ್ದು ಇಬ್ಬರಿಗೆ. ಏಪ್ರಿಲ್‌ನಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ ಅವನು ಹೇಳಿದ್ದ. ಅವನು ಆರು ವರ್ಷದವನಿದ್ದಾಗಿನ ಮಾತು. ಅಮ್ಮ ಬಸ್ ನಿಲ್ದಾಣದಲ್ಲಿ ಬನ್ನು ಮಾರುತ್ತಿದ್ದಳು. ಒಂದು ಮಧ್ಯಾಹ್ನ, "ಬುಟ್ಟಿ ನೋಡ್ಕೋ, ಈಗ ಬಂದೆ, ಒಂದೂ ತಿನ್ಬೇಡ" ಎಂದು ಹೇಳಿ ಒಂದು ಲಾರಿ ಹತ್ತಿದಳು. ಅವನು ಬುಟ್ಟಿಯ ಮುಂದೆ ಕೂತ. ಹೊಟ್ಟೆ ಹಸಿಯಿತು, ತಿನ್ನಲಿಲ್ಲ. ತಿಂದರೆ ಅಮ್ಮ ಬರುವುದಿಲ್ಲ ಎಂದು ಅವನ ಲೆಕ್ಕ. ಸಂಜೆ ಅಜ್ಜಿ ಹುಡುಕಿಕೊಂಡು ಬಂದಾಗ ಬನ್ನು ಎಲ್ಲ ಹಾಗೇ ಇದ್ದವು. "ಇದನ್ನ ಅಜ್ಜಿಗೂ ಹೇಳಿಲ್ಲ, ಯಾಕೆ ತಿನ್ಲಿಲ್ಲ ಅನ್ನೋದನ್ನ," ಎಂದಿದ್ದ. ಅವಳು ಅವತ್ತೇ ಅವನ ಕೈಯನ್ನು ಗಂಟೆ ಹೊಡೆಯುವತನಕ ಬಿಡದೆ ಇದ್ದದ್ದು.

ಮಾತು ಬಾಯಿ ದಾಟಿದ ಕ್ಷಣವೇ ಅವಳಿಗೆ ಗೊತ್ತಾಯಿತು. ಕೈ ಚಾಚಿ ಗಾಳಿಯಿಂದ ಅದನ್ನು ಹಿಡಿದು ವಾಪಸು ನುಂಗುವ ಹಾಗಿದ್ದರೆ ನುಂಗುತ್ತಿದ್ದಳು. ಅವನು ಟೋಪಿಯ ಕೆಳಗಿನಿಂದ ಅವಳನ್ನು ನೋಡಿದ. ಬೂದಿ ಬಳಿದ ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಅವನು ನಕ್ಕ. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ. ಸಿಟ್ಟಾಗುವ ಹಾಗಿರಲಿಲ್ಲವಲ್ಲ.

"ಸೋತೆ," ಅಂದ, ಎರಡೂ ಕೈ ಮೇಲೆತ್ತಿ. "ಇಲಿ ತಿನ್ನೋರು ಗೆದ್ರಪ್ಪ. ನಾನು ಸೋತೆ."

"ನೋಡಿದ್ರಾ?" ಫನ್ವೆಲ್ ಹಿರಿಯರ ಕಡೆ ತಿರುಗಿ, ಭಾರ ಇಳಿದವನ ಹಾಗೆ ಕಣ್ಣೊರೆಸಿಕೊಂಡ. "ಇದು ಬರೀ ಗೇಲಿ ಕಣ್ರಯ್ಯಾ. ಮನಸ್ಸಿರೋರು ಇಂಥ ಮಾತಾಡ್ತಾರಾ? ನಾನೇ ಸುಮ್ನೆ ಹುಡುಗರ ಮೇಲೆ ಅನುಮಾನ ಪಟ್ಟೆ. ಹುಡುಗಿ ಇಲ್ಲೇ ಇರ್ಲಿ, ಲೈನೆಸ್. ಓದಲಿ. ಪರೀಕ್ಷೆ ಬರೀಲಿ."

ಅತ್ತೆ ಎದ್ದು ಬಂದು ತೊಕೊಝಿಲೆಯನ್ನು ತಬ್ಬಿಕೊಂಡಳು. ಕಿವಿಯಲ್ಲಿ, "ಗೆದ್ದೆ ಮಗಳೇ, ಗೆದ್ದೆ" ಅಂದಳು. ಅತ್ತೆಯ ಹೆಗಲ ಮೇಲಿಂದ ತೊಕೊಝಿಲೆ ನೋಡುತ್ತಿದ್ದಳು. ಕಬಾಸೊ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದ. ಎರಡನ್ನೂ ಜೋಡಿಸಿ ಇಟ್ಟ. ಟೋಪಿಯನ್ನು ಅವುಗಳ ಮೇಲೆ ಮೆಲ್ಲಗೆ ಇಟ್ಟ. ಸೊಂಟದ ಬಟ್ಟೆ ಬಿಚ್ಚಿ, ಅದರಿಂದಲೇ ಮುಖ ಒರೆಸಿಕೊಂಡು, ಬಗಲಲ್ಲಿ ಸುತ್ತಿಟ್ಟುಕೊಂಡ. ಯಾರೋ ಬೆನ್ನು ತಟ್ಟಿದರು. ಅವನು ಅವರಿಗೂ ಏನೋ ಅಂದು ನಗಿಸಿದ.

"ಬಿಡು ಅತ್ತೆ, ಬಿಡು," ಎಂದು ತೊಕೊಝಿಲೆ ಕೊಸರಿಕೊಂಡಳು. ಅತ್ತೆ ಬಿಡಲಿಲ್ಲ, ಹುಡುಗಿ ಸಂತೋಷಕ್ಕೆ ನಡುಗುತ್ತಿದ್ದಾಳೆ ಅಂದುಕೊಂಡು ಇನ್ನೂ ಬಿಗಿಯಾಗಿ ಹಿಡಿದಳು. ಎಲ್ಲರ ಎದುರಿಗೆ ಅವನ ಹಿಂದೆ ಓಡುವ ಹಾಗೂ ಇರಲಿಲ್ಲ. ಓಡಿದರೆ ಈಗಷ್ಟೇ ಗೆದ್ದದ್ದೆಲ್ಲ ಹೋಗುತ್ತದೆ. ಅವಳು ಆ ಲೆಕ್ಕ ಹಾಕುತ್ತ ನಿಂತಳು. ಗಣಿತದಲ್ಲಿ ಜಾಣೆ, ಆ ಹೊತ್ತಿನಲ್ಲೂ ಲೆಕ್ಕ ಹಾಕಿದಳು. ಅಷ್ಟರಲ್ಲಿ ಅವನು ಸೈಕಲ್ ಹಿಡಿದು ಗೇಟು ದಾಟಿದ. ಹತ್ತಲಿಲ್ಲ, ತಳ್ಳಿಕೊಂಡೇ ಹೋದ.

"ಅಯ್ಯೋ, ಊಟ ಮಾಡ್ದೇ ಹೋದ್ನಲ್ಲೇ," ಅಂದಳು ಲೈನೆಸ್ ಅತ್ತೆ. "ನಗಿಸಿದೋನಿಗೇ ಮೊದಲ ತುತ್ತು ಕೊಡ್ಬೇಕು. ಸೋಮವಾರ ಇದ್ದಿಲು ತರ್ತಾನಲ್ಲ, ಆಗ ಕೂರಿಸಿ ಹಾಕ್ತೀನಿ ಬಿಡು."

ಸೋಮವಾರ ಇದ್ದಿಲನ್ನು ಅವನ ಅಜ್ಜಿ ತಲೆಯ ಮೇಲೆ ಹೊತ್ತು ತಂದಳು. ಮೂಟೆ ಇಳಿಸಿ, ಕತ್ತು ನೀವಿಕೊಳ್ಳುತ್ತ, ತೊಕೊಝಿಲೆ ಕೇಳುವ ಮೊದಲೇ ಹೇಳಿದಳು: "ಶನಿವಾರ ಸಂಜೆ ಬಟ್ಟೆ ಗಂಟು ಕಟ್ಕೊಂಡು ಹೊರಟ. ಎಲ್ಲಿಗೆ ಅಂದೆ. ಹೇಳ್ಲಿಲ್ಲ."

"ಯಾವಾಗ ಬರ್ತಾನಂತೆ ಅಜ್ಜಿ?"

"ಅದನ್ನೂ ಕೇಳ್ದೆ," ಅಂದಳು ಅಜ್ಜಿ.